ಅತ್ತೆ ಜರಡಿ ಹಿಡಿದ ಮಣ್ಣು

ಮಣ್ಣು ಪರೀಕ್ಷಾ ಕೇಂದ್ರದ ಅಧಿಕಾರಿಗಳಿಗೆ ನಮಸ್ಕಾರ.

ಮಾವಿನ ಸಸಿ ನೆಡುವ ಮುಂಚೆ ಪರೀಕ್ಷೆಗೆಂದು ಸೋಮವಾರ ನಾನು ಕೊಟ್ಟು ಬಂದ ಮಣ್ಣು ನಮ್ಮ ಹೊಲದ್ದಲ್ಲ. ನನ್ನ ಅತ್ತೆ ದ್ಯಾವಮ್ಮ ತಿಪ್ಪೆ ಪಕ್ಕದ ಕಪ್ಪು ಮಣ್ಣನ್ನು ಜರಡಿ ಹಿಡಿದು ಚೀಲಕ್ಕೆ ತುಂಬಿಬಿಟ್ಟಿದ್ದರು. ಕೇಳಿದರೆ, "ಆಪೀಸ್ನೋರು ನೋಡಾ ಮಣ್ಣು ಕಣವ್ವ, ವಸಿ ಚೆಂದಾಗಿರ್ಬ್ಯಾಡ್ವಾ?" ಎಂದರು.

ದಯವಿಟ್ಟು ಅದನ್ನು ಚೆಲ್ಲಿಬಿಡಿ. ಈಗ ಕಳಿಸಿರುವ ಕೆಂಪು ಗರಸು ಮಣ್ಣೇ ನಮ್ಮ ಹೊಲದ್ದು. ಇದರಲ್ಲಿ ಇದುವರೆಗೆ ರಾಗಿ, ಹುರುಳಿ ಬಿಟ್ಟು ಬೇರೇನೂ ಬೆಳೆದಿಲ್ಲ. ಮಾವು ಬರುವುದೋ ಇಲ್ಲವೋ, ಇದ್ದದ್ದನ್ನು ಇದ್ದ ಹಾಗೆ ತಿಳಿಸಿ.

ಆದರೆ ವರದಿಯಲ್ಲಿ ಕಳಪೆ ಎಂದು ಮಾತ್ರ ಬರೆಯಬೇಡಿ. ಅತ್ತೆ ಅದನ್ನು ನನ್ನಿಂದಲೇ ಓದಿಸಿ ಕೇಳುತ್ತಾರೆ. ಬರೀ ಕಲ್ಲಿದ್ದ ಜಾಗದಲ್ಲಿ ಕಲ್ಲು ಆಯ್ದು ಆಯ್ದು ಹೊಲ ಮಾಡಿದವರು ಅವರು.

ಇಂತಿ,
ತನುಶ್ರೀ
ನಾಗಮಂಗಲ ತಾಲ್ಲೂಕು