ಏಕಮುಖಿ ಮತ್ತು ಗುಳಿಗೆ

ನಿಲಂಗಾ, ಶನಿವಾರ

ಮಠದ ಪೂಜ್ಯ ಅಪ್ಪಗಳ ಪಾದಕ್ಕೆ ಶರಣು.

ನಾನು ಧಾನ್ಯದ ವ್ಯಾಪಾರಿ ವಿಶ್ವನಾಥಪ್ಪನವರ ಸೊಸೆ. ನಮ್ಮ ಮನೆಯಲ್ಲಿ ಎಲ್ಲರ ಕೊರಳಲ್ಲೂ ಪಂಚಮುಖಿ ರುದ್ರಾಕ್ಷಿಯಿದೆ. ಕಳೆದ ಶ್ರಾವಣದಲ್ಲಿ ಮಾವನವರಿಗೆ ತಾವು ಏಕಮುಖಿ ಕೊಟ್ಟು, “ಇದರಾಗ ಸಾಕ್ಷಾತ್ ಶಿವ ಅದಾನ, ಇನ್ನ ಯಾವ ಔಷಧನೂ ಬ್ಯಾಡ” ಎಂದಿರಂತೆ. ಅಂದಿನಿಂದ ಅವರು ಬಿಪಿ ಗುಳಿಗೆ ಮುಟ್ಟಿಲ್ಲ.

ಮೊನ್ನೆ ಅಂಗಡಿಯಲ್ಲಿ ತೊಗರಿ ತೂಗುತ್ತಿದ್ದವರು ಕುಸಿದು ಬಿದ್ದರು. ಬಾಯಿ ಒಂದು ಕಡೆ ಸೊಟ್ಟಗಾಗಿ, ತಾಸು ಹೊತ್ತು ಮಾತು ನಿಂತಿತ್ತು. ಇನ್ನೊಮ್ಮೆ ಹೀಗಾದರೆ ಮಾತು ಮರಳಿ ಬರಲಿಕ್ಕಿಲ್ಲ ಎಂದು ಡಾಕ್ಟರರು ಹೇಳಿದ್ದಾರೆ. ದವಾಖಾನೆಯಿಂದ ಅವರು ಮನೆಗೆ ಬಂದ ಮೇಲೆ ನಾನು ಗುಳಿಗೆ ಹಿಡಿದು ಮುಂದೆ ನಿಂತೆ. ಅವರು ರುದ್ರಾಕ್ಷಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, “ಗುಳಿಗಿ ನುಂಗಿದ್ರ ಶಿವನ ಮ್ಯಾಲ ಭರೋಸಾ ಇಲ್ಲ ಅಂದಂಗ ಆಗ್ತದವ್ವಾ. ಅಪ್ಪಗೋಳು ಹೇಳಲಿ, ನುಂಗ್ತೀನಿ” ಎಂದರು.

ಸೋಮವಾರ ಅವರನ್ನು ತಮ್ಮ ದರ್ಶನಕ್ಕೆ ಕರೆತರುತ್ತೇನೆ. ದಯವಿಟ್ಟು ರುದ್ರಾಕ್ಷಿ ತೆಗೆಸಬೇಡಿ, ಅದು ಅವರ ಜೀವ.

ಉದಗೀರದಲ್ಲಿ ನನ್ನ ಅಣ್ಣನ ಔಷಧದ ಅಂಗಡಿಯಿದೆ. ತಾವು ನುಂಗುವ ಬಿಪಿ ಗುಳಿಗೆ ತಿಂಗಳು ತಿಂಗಳು ಮಠಕ್ಕೆ ಅಲ್ಲಿಂದಲೇ ಹೋಗುತ್ತದೆ. ಈ ಮಾತನ್ನು ಮಾವನವರಿಗೆ ನಾನು ಹೇಳಿಲ್ಲ, ಹೇಳುವ ಮನಸ್ಸೂ ಇಲ್ಲ. ಸೋಮವಾರದ ಗುಳಿಗೆಯನ್ನು ತಾವು ಅವರ ಎದುರಿಗೇ ತೆಗೆದುಕೊಂಡರೆ ಸಾಕು.

ನೀರಿನ ತಂಬಿಗೆ ನಾನೇ ತರುತ್ತೇನೆ.

ತಮ್ಮ ಮಗಳಂಥವಳು,
ವಿದ್ಯಾವತಿ