ಭೋಂಗಾ ಇಲ್ಲದ ಊರಿನಿಂದ

ಅಕ್ಕಲಕೋಟೆ
ಮಂಗಳವಾರ, ೧೪ ಡಿಸೆಂಬರ್ ೧೯೫೪
ಬೆಳಗಿನ ನಾಲ್ಕೂವರೆ

ನನ್ನವರಿಗೆ ನೀಲಗಂಗಾಳ ನಮಸ್ಕಾರಗಳು.

ಈಗಷ್ಟೇ ಗಿರಣಿಯ ಭೋಂಗಾ ಕೂಗಿತು. ಎಚ್ಚರವಾಗಿ, ನಿಮ್ಮ ಬುತ್ತಿ ಕಟ್ಟಬೇಕೆಂದು ಎದ್ದು ಒಲೆಯ ಕಡೆ ನಾಲ್ಕು ಹೆಜ್ಜೆ ನಡೆದೂಬಿಟ್ಟೆ. ಕೈಗೆ ಗೋಡೆ ತಾಕಿತು. ಆಗ ನೆನಪಾಯಿತು, ಇದು ನಾನು ಹೆರಿಗೆಗೆ ಬರುವಾಗ ಬಿಟ್ಟುಕೊಟ್ಟ ಸೊಲ್ಲಾಪುರದ ಚಾಳಿನ ನಮ್ಮ ಖೋಲಿಯಲ್ಲ, ಅವ್ವನ ಮನೆ. ಇಲ್ಲಿ ಗಿರಣಿಯಿಲ್ಲ, ಭೋಂಗಾ ಎಲ್ಲಿಂದ ಬರಬೇಕು? ಸೊಲ್ಲಾಪುರದ್ದು ಇಷ್ಟು ದೂರ ಕೇಳಿಸುವಂತೆಯೂ ಇಲ್ಲ. ಆದರೂ ನಾಲ್ಕು ದಿನಗಳಿಂದ ಇದೇ ಹೊತ್ತಿಗೆ ಕೇಳುತ್ತಿದೆ. ಮೊದಲು ಹಿತ್ತಲಲ್ಲಿ ಯಾರೋ ಶಂಖ ಊದಿದಷ್ಟು ಸಣ್ಣಗೆ. ಆಮೇಲೆ ಮನೆಯೊಳಗೇ ತುಂಬಿಕೊಂಡು, ನೀರಿನ ಕೊಡ ಸಹ ಅದುರಿದ ಹಾಗೆ. ಅವ್ವನಿಗೆ ಕೇಳುವುದಿಲ್ಲ. ಕೂಸಿಗೂ ಕೇಳುವುದಿಲ್ಲ. ನನ್ನೊಬ್ಬಳಿಗೆ.

ಪತ್ರ ತಡವಾಯಿತು. ನಿಮ್ಮ ಕಾಗದ ಶುಕ್ರವಾರವೇ ಕೈಸೇರಿತ್ತು. ಬಂದ ದಿನವೇ ಉತ್ತರ ಬರೆಯುವವಳು ನಾನು, ನಿಮಗೆ ಗೊತ್ತು. ಕೂಸಿಗೆ ನೆಗಡಿಯಾಗಿತ್ತು, ಮಸಿ ಮುಗಿದಿತ್ತು ಎಂದು ಬರೆಯಲು ಹೊರಟಿದ್ದೆ. ಮಸಿ ಮುಗಿದಿರಲಿಲ್ಲ. ಯಾಕೆ ತಡವಾಯಿತೆಂದು ಕೊನೆಗೆ ಹೇಳುತ್ತೇನೆ, ಅಲ್ಲಿಯವರೆಗೆ ಸಿಟ್ಟಾಗಬೇಡಿ.

ಕೂಸು ಈಗ ಮುಷ್ಟಿ ಬಿಚ್ಚುತ್ತದೆ. ಮಲಗಿದಲ್ಲೇ ಎರಡೂ ಕೈ ಆಚೆ ಈಚೆ ಬೀಸುತ್ತಿರುತ್ತದೆ. "ನೋಡು, ಅಪ್ಪನಂಗ ಲಾಳಿ ಹೊಡಿಯಾಕತ್ತದ" ಎಂದು ಅವ್ವ ನಗುತ್ತಾಳೆ. ನೀವು ತೊಟ್ಟಿಲ ದಿನ ಬಂದು ಅರ್ಧ ದಿನ ಇದ್ದು ಹೋದಿರಲ್ಲ, ಅದಾದ ಮೇಲೆ ಇದರ ಮುಖವೇ ಬೇರೆ ಆಗಿದೆ. ಈಗ ಬಂದರೆ ಗುರುತು ಹಿಡಿಯಲಿಕ್ಕಿಲ್ಲ ನೀವು.

ಆ ದಿನ ನೀವು ಯಾಕೆ ಒಂದು ರಾತ್ರಿಯಾದರೂ ನಿಲ್ಲಲಿಲ್ಲ ಎಂದು ಅವ್ವನಿಗೆ ಇನ್ನೂ ಬೇಸರ. ಮೊನ್ನೆ ಜೋಳ ಹಸನು ಮಾಡುತ್ತ ಮತ್ತೆ ಅದನ್ನೇ ಎತ್ತಿದಳು. ನಾನೂ ಪಕ್ಕದಲ್ಲಿ ಕೂತು ತಿಳಿಸಿ ಹೇಳಿದೆ: "ಅವರು ಬದಲಿ ಅದಾರ ಬೇ, ಕಾಯಂ ಇಲ್ಲ. ದಿನಾ ಮುಂಜಾನಿ ಗಿರಣಿ ಬಾಗಲಿಗೆ ಹೋಗಿ ನಿಂದ್ರಬೇಕು. ಕಾಯಂ ಮಂದ್ಯಾಗ ಯಾರರೆ ಬರಲಿಲ್ಲಂದ್ರ ಮಂದಿ ಹಚ್ಚೂ ಜಾಬರ್ ಇವರ ಹೆಸರ ಕರೀತಾನ. ಕರೀಲಿಲ್ಲಂದ್ರ ತಿರುಗಿ ಮನಿಗೆ. ಒಂದ ದಿನ ಬಾಗಲಿಗೆ ಹೋಗಲಿಲ್ಲಂದ್ರ ಪಟ್ಟಿಯೊಳಗ ಹೆಸರ ಕೆಳಗ ಇಳೀತದ."

ಅವ್ವನ ಮೊರ ನಿಂತಿತು. "ಅಂದ್ರ ಯಾರರೆ ಬ್ಯಾನಿ ಬಿದ್ರ ನಿಮ್ಮ ಒಲಿ ಹೊತ್ತತದ?"

"ಹೂಂ."

"ಮತ್ತ ದೀಪ ಹಚ್ಚಿ ಕೈ ಮುಗಿಯೂ ಮುಂದ ಏನಂತ ಬೇಡ್ಕೋತೀರಿ ನೀವು?"

ಆಗ ನಗು ಬಂತು. ನಕ್ಕೆ.

ಇನ್ನೊಂದು ಸುದ್ದಿ ನಿಮಗೆ ತಿಳಿಯದ್ದು. ಸಿದ್ರಾಮಣ್ಣ ತಮ್ಮ ಊರು ಬೋರಾಮಣಿಯಲ್ಲಿಲ್ಲ. ಹೊಲದ ಮನೆಗೆಂದು ಹೋದವನು ಈಗ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ ಎಂದು ನೀವು ಬರೆದಿದ್ದಿರಿ. ಅವರು ಇಲ್ಲೇ ಇದ್ದಾರೆ, ಅಕ್ಕಲಕೋಟೆಯಲ್ಲಿ. ಎದೆಯ ಕೆಮ್ಮು ವಾಸಿಯಾಗಲೆಂದು ಸ್ವಾಮಿಗಳ ಗುಡಿಯಲ್ಲಿ ಸೇವೆಗೆ ಕೂತಿದ್ದಾರೆ. ಅವರು ಆಲದ ಮರಕ್ಕೆ ಪ್ರದಕ್ಷಿಣೆ ಹಾಕುತ್ತಾರೆ, ಹೆಂಡತಿ ಭಾಗಾಬಾಯಿ ಅಂಗಳ ಸಾರಿಸುತ್ತಾಳೆ, ಮಧ್ಯಾಹ್ನ ಇಬ್ಬರೂ ಪ್ರಸಾದದ ಪಂಕ್ತಿಯಲ್ಲಿ ಉಣ್ಣುತ್ತಾರೆ. ಎರಡು ತಿಂಗಳಿಂದ ನೀವು ಯಾರ ಮಗ್ಗದ ಮೇಲೆ ನಿಂತಿದ್ದೀರೋ ಅವರನ್ನು ಕಳೆದ ಗುರುವಾರ ಕಣ್ಣಾರೆ ಕಂಡೆ.

ಕೂಸನ್ನು ಸ್ವಾಮಿಗಳಿಗೆ ತೋರಿಸಲು ಹೋಗಿದ್ದೆ. ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತವರೊಬ್ಬರು, "ತಂಗೀ, ಗುರುತ ಸಿಗಲಿಲ್ಲೇನು? ನಾ ಸಿದ್ರಾಮ. ನಿನ್ನ ಗಂಡಗ ಮಗ್ಗದ ಸಾಂಚಾ ಬಿಟ್ಟಕೊಟ್ಟಾಂವ" ಎಂದರು.

"ಬಿಟ್ಟಕೊಟ್ಟಾನಂತ, ದಾನಶೂರ" ಎಂದಳು ಭಾಗಾಬಾಯಿ ಸಗಣಿ ಕೈ ತೊಳೆಯುತ್ತ. "ಕೆಮ್ಮಿ ಕೆಮ್ಮಿ ಇಡೀ ಸಾಲಿನ ಮಂದಿಗೆ ನಿದ್ದಿ ಕೆಡಿಸಿ ಬಂದಾನ."

ಸಿದ್ರಾಮಣ್ಣ ನಕ್ಕರು, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಕೇಳಿದ ಮೊದಲ ಮಾತು ತಮ್ಮ ಕೊಕ್ಕೆಯದು. ರಜೆಗೆ ಹೋಗುವಾಗ ಸೊಂಟದಿಂದ ಬಿಚ್ಚಿ ನಿಮ್ಮ ಕೈಗೆ ಕೊಟ್ಟರಲ್ಲ, ಕಡಿದ ಎಳೆ ಸೇದುವ ಆ ಹಿತ್ತಾಳೆಯ ಕೊಕ್ಕೆ. "ನಿನ್ನ ಗಂಡ ಶಂಕರೆಪ್ಪ ಅದನ್ನ ಕೆಳಗ ಇಡೂದಿಲ್ಲಲ್ಲ? ನನ್ನ ಅಪ್ಪಂದದು." ನೀವು ದಿನಾ ಅದಕ್ಕೆ ನಮಸ್ಕಾರ ಮಾಡಿಯೇ ಸೊಂಟಕ್ಕೆ ಕಟ್ಟುತ್ತೀರೆಂದು ತೊಟ್ಟಿಲ ದಿನ ನನಗೆ ಹೇಳಿದ್ದಿರಿ. ಅದನ್ನೇ ಹೇಳಿದೆ. ಅವರು ಮರದ ಕಡೆ ತಿರುಗಿ ಕೈ ಮುಗಿದರು.

ಆಮೇಲೆ ಭಾಗಾಬಾಯಿ ಸೆರಗಿನ ಗಂಟಿನಿಂದ ಡಾಕ್ಟರ ಸರ್ಟಿಫಿಕೇಟು ತೆಗೆದಳು. ಇನ್ನೊಂದು ತಿಂಗಳು ವಿಶ್ರಾಂತಿ ಸಿಕ್ಕರೆ ಎದೆ ಗಟ್ಟಿಯಾಗುತ್ತದೆ, ಮತ್ತೆ ಮಗ್ಗದ ಮೇಲೆ ನಿಲ್ಲಬಹುದು ಎಂದಿದ್ದಾರಂತೆ ಡಾಕ್ಟರು. ರಜೆ ಮುಂದುವರಿಸಲು ಗಿರಣಿಗೆ ಇಂಗ್ಲಿಷಿನಲ್ಲಿ ಅರ್ಜಿ ಬೇಕು. "ನೀ ಕಾಲೇಜ ಓದ್ದಾಕಿ. ನಿನ್ನ ಗಂಡ ನನ್ನ ಸಾಂಚಾ ಓಡಸಾಕತ್ಯಾನ, ನೀ ನನ್ನ ಅರ್ಜಿ ಓಡಸು" ಎಂದರು ಸಿದ್ರಾಮಣ್ಣ.

ಅಲ್ಲೇ ಕಟ್ಟೆಯ ಮೇಲೆ ಕೂತು ಬರೆದೆ. ಕೂಸು ಭಾಗಾಬಾಯಿಯ ತೊಡೆಯ ಮೇಲೆ ಮಲಗಿತ್ತು. ಇಂಟರ್ ಪಾಸಾಗಿ ನಾಲ್ಕು ವರ್ಷವಾಯಿತು. ಈ ನಾಲ್ಕು ವರ್ಷಗಳಲ್ಲಿ ನನ್ನ ಓದನ್ನು ಯಾರೂ ಯಾವ ಕೆಲಸಕ್ಕೂ ಕೇಳಿರಲಿಲ್ಲ. ಅಂದು ಅಕ್ಷರಗಳು ಎಷ್ಟು ದುಂಡಗೆ ಬಂದವು ಗೊತ್ತೆ? ನನ್ನ ಪೆನ್ನಿನ ಮಸಿ ಹಚ್ಚಿ ಸಿದ್ರಾಮಣ್ಣ ಹೆಬ್ಬೆಟ್ಟು ಒತ್ತಿದರು. ಭಾಗಾಬಾಯಿ ತಮ್ಮನ ಮಗುವಿಗೆಂದು ಹೊಲಿದಿಟ್ಟಿದ್ದ ಕುಂಚಿಗೆಯನ್ನು ನಮ್ಮ ಕೂಸಿನ ತಲೆಗೆ ಕಟ್ಟಿದಳು. ಬೇಡ ಎಂದರೆ ಕೇಳಲಿಲ್ಲ. "ಕೆಲಸ ಮಾಡೀದಿ, ಬರಿಗೈಲೆ ಹ್ಯಾಂಗ ಕಳಸ್ಲಿ?" ನಾನು ದುಡಿದ ಮೊದಲ ಕೂಲಿ ಅದು. ಈಗಲೂ ಅದನ್ನೇ ಕಟ್ಟಿಕೊಂಡು ಮಲಗಿದೆ ನಮ್ಮ ಮಗಳು.

ಸೊಲ್ಲಾಪುರಕ್ಕೆ ಹೋಗುವ ಎಸ್‌ಟಿ ಬಸ್ಸಿನ ಡ್ರೈವರ್ ಕಾಶಪ್ಪನ ಕೈಯಲ್ಲಿ ಮರುದಿನ ಬೆಳಿಗ್ಗೆಯೇ ಅರ್ಜಿ ನಿಮಗೆ ಮುಟ್ಟಿಸುತ್ತೇನೆ, ನೀವು ಗಿರಣಿಯ ಟೈಮ್ ಆಫೀಸಿಗೆ ಕೊಡುತ್ತೀರಿ ಎಂದು ಮಾತು ಕೊಟ್ಟು ಮನೆಗೆ ಬಂದೆ.

ಮರುದಿನ ಶುಕ್ರವಾರ. ಅದೇ ಕಾಶಪ್ಪ ನಿಮ್ಮ ಕಾಗದ ತಂದುಕೊಟ್ಟ. ನಿಂತಲ್ಲೇ ಓದಿದೆ. ಈಗ ಬಾಯಿಪಾಠವಾಗಿದೆ. "ಹದಿನೈದನೇ ತಾರೀಖಿನ ಮೊದಲ ಪಾಳಿಯ ಭೋಂಗಾ ಆಗುವುದರೊಳಗೆ ಸಿದ್ರಾಮನೂ ಬರದೆ, ಅವನ ರಜಾ ಅರ್ಜಿಯೂ ಬರದಿದ್ದರೆ ಅವನ ಹೆಸರು ಹೊಡೆಯುತ್ತಾರಂತೆ. ಪಟ್ಟಿಯಲ್ಲಿ ಮೊದಲನೆಯವನು ನಾನೇ. ಕಾಯಂ ಆದ ಮರುದಿನವೇ ಖೋಲಿ ಹಿಡಿಯುತ್ತೇನೆ. ಸಂಕ್ರಮಣದೊಳಗೆ ನೀನೂ ಕೂಸೂ ಬಂದುಬಿಡಿ. ಈ ಎಂಟು ಮಂದಿಯ ಖೋಲಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿ ಮಗಳ ಮುಖ ನೆನೆಯುತ್ತೇನೆ, ನೆನಪಿಗೆ ಬರುವುದಿಲ್ಲ."

ಕೊನೆಯ ಆ ಸಾಲನ್ನು ಎಷ್ಟು ಸಲ ಓದಿದೆನೋ. ಕಾಗದ ಮುಚ್ಚಿದರೆ ಖೋಲಿ ಕಾಣುತ್ತದೆ. ಕಿಟಕಿಗೆ ನನ್ನ ಹಳೆಯ ಇಳಕಲ್ ಸೀರೆಯ ಪರದೆ, ಮೂಲೆಯಲ್ಲಿ ತೊಟ್ಟಿಲು. ನೀವು ಪಾಳಿ ಮುಗಿಸಿ ಬಂದು ಬಾಗಿಲಲ್ಲಿ ನಿಂತಿದ್ದೀರಿ, ಕೂದಲ ತುಂಬ ಹತ್ತಿಯ ಬಿಳಿ. ಕೂಸು ನಿಮ್ಮನ್ನು ಮುದುಕನೆಂದುಕೊಂಡು ಅಳುತ್ತದೆ, ನೀವು ತಲೆ ಕೊಡವಿ ಹುಡುಗನಾಗುತ್ತೀರಿ. ಹಗಲಿನಲ್ಲೇ ಇಷ್ಟು ಕಾಣುತ್ತದೆ.

ಇರುಳಿನ ಕನಸು ಬೇರೆ. ನಿನ್ನೆ ಬಿದ್ದದ್ದು ಹೇಳಲೆ? ಸ್ವಾಮಿಗಳ ಆಲದ ಬಿಳಲುಗಳೆಲ್ಲ ನೂಲಾಗಿದ್ದವು. ನೀವು ಮರದ ಕೆಳಗೆ ನಿಂತು ನೇಯುತ್ತಿದ್ದಿರಿ, ಸದ್ದೇ ಇಲ್ಲ. ಬಟ್ಟೆ ನಿಮ್ಮ ಕೈಯಿಂದ ಇಳಿದು ಗುಡಿಯ ಅಂಗಳ ದಾಟಿ ಪೇಟೆಯುದ್ದಕ್ಕೂ ಹಾಸಿಕೊಂಡು ಹೋಗುತ್ತಿತ್ತು, ಹಾಲಿನಂಥ ಬಿಳಿ. ನಮ್ಮದೇ ಬಟ್ಟೆ ಎಂದು ಹಿಗ್ಗಿ ಅದರ ತುದಿ ಹುಡುಕುತ್ತ ಹೋದೆ. ತುದಿಯಲ್ಲಿ ಸಿದ್ರಾಮಣ್ಣ ಅದನ್ನು ಮುಖದ ತನಕ ಹೊದ್ದು ಮಲಗಿದ್ದರು. ಪಕ್ಕದಲ್ಲಿ ಭಾಗಾಬಾಯಿ ಕೂತು, "ಎಬ್ಬಸಬ್ಯಾಡ ತಂಗಿ, ಈಗರೆ ನಿದ್ದಿ ಹತ್ಯದ" ಎಂದಳು. ಆಗಲೇ ಭೋಂಗಾ ಆಯಿತು.

ಬೆಳಗಾಗುತ್ತಿದೆ. ಅವ್ವ ಎದ್ದು ಒಲೆಗೆ ಬೆಂಕಿ ಮಾಡುತ್ತಿದ್ದಾಳೆ. ಎಂಟು ಗಂಟೆಯ ಬಸ್ಸಿಗೆ ಕಾಶಪ್ಪ ಬರುತ್ತಾನೆ. ಈ ಪತ್ರವನ್ನು ಗಿರಣಿ ಬಾಗಿಲಲ್ಲೇ ನಿಂತು ನಿಮ್ಮ ಕೈಗೇ ಕೊಡಬೇಕೆಂದು ಆಣೆ ಹಾಕಿ ಕಳಿಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣಿ. ಥಂಡಿ ಬಹಳ, ಮಫ್ಲರು ಮರೆಯಬೇಡಿ. ಅವ್ವ ನಿಮಗೆ ನೂರು ವರ್ಷ ಆಯುಷ್ಯ ಬೇಡಿಕೊಂಡಿದ್ದಾಳೆ. ನಿಮ್ಮ ಮಗಳು ನಿದ್ದೆಯಲ್ಲಿ ತುಟಿ ಅಲುಗಿಸಿದಳು, ಅದನ್ನೂ ನಿಮಗೇ ಎಂದು ತಿಳಿಯಿರಿ.

ನಿಮ್ಮವಳು,
ನೀಲಗಂಗಾ

ತಾಜಾ ಕಲಂ: ಅರ್ಜಿ ನಿಮಗೆ ಮುಟ್ಟಿಲ್ಲವೆಂದು ಇಷ್ಟರೊಳಗೆ ನಿಮಗೆ ಹೊಳೆದಿರಬೇಕು. ನಾನು ಕಳಿಸಲಿಲ್ಲ. ಶುಕ್ರವಾರ ನಿಮ್ಮ ಕಾಗದ ಓದುವಾಗ ಅರ್ಜಿ ನನ್ನ ಇನ್ನೊಂದು ಕೈಯಲ್ಲಿತ್ತು. ಕಾಶಪ್ಪ ಚಹಾ ಕುಡಿದು ಬಂದು, "ಏನರೆ ಒಯ್ಯೂದದ ಏನ್ರಿ ಅಕ್ಕಾರ?" ಎಂದ. "ಏನಿಲ್ಲ" ಎಂದೆ. ಅಷ್ಟೇ ಮಾತು. ಅಂದಿನಿಂದ ಅದು ತೊಟ್ಟಿಲಿನ ಹಾಸಿಗೆಯ ಕೆಳಗಿತ್ತು, ಅದರ ಮೇಲೆ ನಮ್ಮ ಮಗಳು ಮಲಗಿದ್ದಳು. ಭಾನುವಾರ ಸಂತೆಯಲ್ಲಿ ಭಾಗಾಬಾಯಿ ಸಿಕ್ಕು, "ಕಾಗದ ಮುಟ್ಟಿತೇನ ತಂಗಿ?" ಎಂದು ಕೇಳಿದಳು. "ಮುಟ್ಯದ" ಎಂದೆ. ಆಕೆ ನನ್ನ ಗಲ್ಲ ಮುಟ್ಟಿ ಲಟಿಕೆ ಮುರಿದಳು. ಅವ್ವ ಕೇಳಿದ್ದಳಲ್ಲ, ಕೈ ಮುಗಿದು ಏನು ಬೇಡಿಕೊಳ್ಳುತ್ತೀರೆಂದು. ಅಂದು ಸಂಜೆ ಗುಡಿಯ ಮುಂದೆ ಹಾದುಬರುವಾಗ ಒಳಗಿನಿಂದ ಸಿದ್ರಾಮಣ್ಣನ ಕೆಮ್ಮು ಕೇಳಿಸಿತು. ನಾನು ಬೇಡಿಕೊಂಡದ್ದನ್ನು ಈ ಕಾಗದದ ಮೇಲೆ ಬರೆಯಲಾರೆ.

ಅರ್ಜಿಯೂ ಸರ್ಟಿಫಿಕೇಟೂ ಇದೇ ಲಕೋಟೆಯಲ್ಲಿವೆ. ಇಂದು ಸಂಜೆಯ ಪಾಳಿಗೆ ಟೈಮ್ ಆಫೀಸು ತೆರೆದಿರುತ್ತದೆ. ಕೊಟ್ಟರೆ ಸಂಕ್ರಮಣಕ್ಕೆ ಖೋಲಿಯಿಲ್ಲ, ನೀವು ಮತ್ತೆ ಗೋಡೆಗೆ ಮುಖ ಮಾಡಿ ಮಲಗಬೇಕು, ಅವರು ಬಂದ ದಿನ ಕೊಕ್ಕೆ ಬಿಚ್ಚಿಕೊಟ್ಟು ಮತ್ತೆ ಬಾಗಿಲಲ್ಲಿ ನಿಲ್ಲಬೇಕು. ಗೊತ್ತಿದ್ದೂ, ಕೊಡಿ ಎನ್ನುತ್ತಿದ್ದೇನೆ. ನಾಲ್ಕು ದಿನ ನಾನು ಒಬ್ಬಳೇ ಹೊತ್ತದ್ದನ್ನು ಕೊನೆಯ ದಿನ ನಿಮ್ಮ ಕೈಗಿಡುತ್ತಿರುವುದೂ ಗೊತ್ತು.

ಎದುರಿನ ಚನ್ನವೀರಪ್ಪನವರ ಅಡತಿ ಅಂಗಡಿಗೆ ಟೆಲಿಫೋನು ಬಂದಿದೆ. ಅವರು ಅಂಗಡಿಯಲ್ಲೇ ಮಲಗುತ್ತಾರೆ, ಎಷ್ಟು ಹೊತ್ತಾದರೂ ಕರೆಯುತ್ತೇನೆಂದಿದ್ದಾರೆ. ತಾರ್ ಆಫೀಸಿಗೆ ಹೋಗಿ ಒಂದು ಟ್ರಂಕ್ ಕಾಲ್ ಹಾಕಿ. ಕೊಟ್ಟೆ ಎನ್ನಿ. ಕೊಡಲಾಗಲಿಲ್ಲವಾದರೆ ಹಾಗೆಂದೇ ಹೇಳಿ, ನಾನೇ ಗುಡಿಗೆ ಹೋಗಿ ಭಾಗಾಬಾಯಿಗೆ ಎಲ್ಲ ಹೇಳಿ ಕುಂಚಿಗೆ ತಿರುಗಿ ಕೊಟ್ಟು ಬರುತ್ತೇನೆ. ಸುಮ್ಮನಿರಬೇಡಿ. ದೀಪ ಹಚ್ಚಿದಾಗಿನಿಂದ ಕೂಸನ್ನೆತ್ತಿಕೊಂಡು ಬಾಗಿಲಲ್ಲೇ ಕೂತಿರುತ್ತೇನೆ. ನಾಳೆ ಬೆಳಗಾಗುವ ಮೊದಲು, ಇಲ್ಲದ ಆ ಭೋಂಗಾ ನನಗೆ ಮತ್ತೆ ಕೇಳಿಸುವ ಮೊದಲು, ನಿಮ್ಮ ಕಾಲು ಹಿಡಿದು ಬೇಡುತ್ತೇನೆ, ಟೆಲಿಫೋನು ಮಾಡಿ.