ಆಯಿಯ ಮುಂದೆ ಅನ್ನಬಾರದ ಹೆಸರು

ಕುರ್ತಕೋಟಿ, ತಾ. ಗದಗ
ಮಂಗಳವಾರ, 11 ನವೆಂಬರ್ 2025

ಪ್ರೀತಿಯ ಸುನಿತಾ,

ನಿನ್ನ ಅತ್ತೆ ನೀಲಗಂಗವ್ವನ ತುಂಬು ಮನಸ್ಸಿನ ಆಶೀರ್ವಾದ. ಮೊದಲು ನಿನ್ನ ಕಾಲಿನ ಸುದ್ದಿ ಹೇಳು. ಬೂಟು ಕಚ್ಚಿ ಹಿಮ್ಮಡಿಗೆ ಬೊಬ್ಬೆ ಎದ್ದಿದೆ ಎಂದಿದ್ದೆಯಲ್ಲ, ಒಣಗಿತೇ? ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿಕೋ, ನಾಚಿಕೆಪಡಬೇಡ, ಪೊಲೀಸರಿಗೂ ಹಿಮ್ಮಡಿ ಹಿಮ್ಮಡಿಯೇ. ಆ ತರಬೇತಿ ಶಾಲೆಯಲ್ಲಿ ರೊಟ್ಟಿ ಇಲ್ಲ, ಹೊತ್ತುಹೊತ್ತಿಗೂ ಅನ್ನ ಎಂದು ಕೇಳಿದಾಗಿನಿಂದ ನನಗೆ ಗಂಗಾಳದ ಮುಂದೆ ಕುಳಿತರೆ ನಿನ್ನದೇ ನೆನಪು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸೋಣವೆಂದರೆ ಒಳಗೆ ಬಿಡುತ್ತಾರೋ ಇಲ್ಲವೋ. ಕೇಳಿ ತಿಳಿಸು. ಇಲ್ಲಿ ಚಳಿ ಶುರುವಾಗಿದೆ, ಬಿಳಿಜೋಳ ಚೆನ್ನಾಗಿ ಎದ್ದಿದೆ. ನನ್ನ ಮೊಣಕಾಲು ಎಂದಿನ ಹಾಗೆ ಕುಂಡ್ರುವಾಗ ಒಂದು ರಾಗ, ಏಳುವಾಗ ಒಂದು ರಾಗ ಹಾಡುತ್ತದೆ.

ನಿನ್ನ ಮಗ ಆರಾಮಾಗಿದ್ದಾನೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದಿನದನ್ನು ಓದುವಾಗ ನಿನ್ನ ಎದೆ ಧಸಕ್ಕೆನ್ನಬಾರದು. ಈಗ ನನ್ನ ಪಕ್ಕದಲ್ಲೇ ಕೌದಿಯ ಮೇಲೆ ಮಲಗಿದ್ದಾನೆ, ನಿನ್ನ ಹಳೆಯ ಓಢಣಿಯ ತುದಿ ಹಿಡಿದುಕೊಂಡು. ಉಂಡಿದ್ದಾನೆ, ಆಡಿದ್ದಾನೆ, ಮೈಮೇಲೆ ಒಂದು ಗೀರೂ ಇಲ್ಲ. ಆದರೆ ಭಾನುವಾರ ನಾನು ಅವನನ್ನು ಕಳೆದುಕೊಂಡಿದ್ದೆ. ಆ ಸಂಜೆ ನಿನಗೆ ಫೋನು ಸಿಕ್ಕಾಗ, ಒಲೆಯ ಮೇಲೆ ಹಾಲಿದೆ ಎಂದು ಹೇಳಿ ನಾನು ಮಾತಾಡದೆ ತಪ್ಪಿಸಿಕೊಂಡೆ. ಒಲೆಯ ಮೇಲೆ ಏನೂ ಇರಲಿಲ್ಲ, ಸುನಿತಾ. 'ಅವ್ವಾ, ಆಕಿಗೆ ಹೇಳಬ್ಯಾಡ, ಗಾಬರಿಯಾಗಿ ಟ್ರೇನಿಂಗ್ ಬಿಟ್ಟು ಬಂದಗಿಂದಾಳು' ಎಂದು ನಿನ್ನ ಗಂಡ ಚನ್ನಬಸವಣ್ಣ ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ಅವನಿಗೆ ಕೊಟ್ಟ ಮಾತು ಮುರಿದು ಬರೆಯುತ್ತಿದ್ದೇನೆ. ನೀನು ಹೊರಟಾಗ ಬೆಳ್ಳಟ್ಟಿಯ ನಿಮ್ಮವ್ವ ಕೂಸನ್ನು ನಾನು ನೋಡಿಕೊಳ್ಳುತ್ತೇನೆಂದು ಎಷ್ಟು ಕೇಳಿಕೊಂಡರು! ನಮ್ಮ ಮನೆಯ ಕೂಸು ನಮ್ಮ ಮನೆಯಲ್ಲೇ ಬೆಳೆಯಲಿ ಎಂದು ಮೀಸೆ ಇಲ್ಲದಿದ್ದರೂ ಮೀಸೆ ತಿರುವಿದವಳು ನಾನು. ಹಾಗಾಗಿ ಉತ್ತರ ಕೊಡಬೇಕಾದವಳೂ ನಾನೇ.

ಹುಬ್ಬಳ್ಳಿ ದಾರಿಯಲ್ಲಿ ಹೊಸ ಪಾರ್ಕು ಆಗಿದೆಯಲ್ಲ, ಸಣ್ಣ ರೈಲು, ನೀರಾಟ, ಜೊತೆಗೆ ಸಿಮೆಂಟಿನಲ್ಲಿ ಮಾಡಿದ ಒಂದು ಇಡೀ ಹಳ್ಳಿ, ಅಲ್ಲಿಗೆ ಹೋಗಿದ್ದೆವು. ಹುಡುಗ ಅವ್ವನನ್ನು ನೆನೆಸಿ ಅಳುತ್ತಾನೆ, ಒಂದು ದಿನ ತಿರುಗಾಡಿಸಿ ಬರೋಣ ಎಂದು ಚನ್ನಬಸವಣ್ಣ ತನ್ನ ಅಂಗಡಿ ಮುಚ್ಚಿ, ಗೆಳೆಯನ ಕಾರು ತಂದಿದ್ದ. ಗೇಟಿನಲ್ಲಿ ಹೊರಗಿನ ತಿನಿಸು ಒಯ್ಯಬಾರದು ಎಂದು ನನ್ನ ಬುತ್ತಿಗಂಟನ್ನು ಇಡಿಸಿಕೊಂಡರು. ಆದರೆ ನಾನು ಯಾರು? ಶೇಂಗಾ ಉಂಡಿಗಳನ್ನು ಮೊದಲೇ ಉಡಿಯಲ್ಲಿ ಸಿಕ್ಕಿಸಿಕೊಂಡಿದ್ದೆ. ಪೊಲೀಸಳ ಅತ್ತೆ ಕಳ್ಳಮಾಲು ಸಾಗಿಸಿದಳು ಎಂದು ನಿನ್ನ ಗಂಡ ನಕ್ಕ. ಒಳಗೆ ಸಿಮೆಂಟಿನ ಹೆಂಗಸು ರೊಟ್ಟಿ ಬಡಿಯುತ್ತಾಳೆ, ಸಿಮೆಂಟಿನ ಎಮ್ಮೆ ಹಾಲು ಹಿಂಡಿಸಿಕೊಳ್ಳುತ್ತದೆ, ಕಟ್ಟೆಯ ಮೇಲೆ ತಲೆಗೆ ಪಟಗಾ ಸುತ್ತಿದ ಸಿಮೆಂಟಿನ ಹಿರಿಯ ಚಹಾ ಕುಡಿಯುತ್ತಾನೆ. ಮನೆಯಲ್ಲಿ ಪುಕ್ಕಟೆ ಕಾಣುವುದನ್ನು ಟಿಕೆಟ್ಟು ತೆಗೆಸಿ ತೋರಿಸುತ್ತಾರೆ. ಆ ಹಿರಿಯನ ಮುಂದೆ ಹಾಯುವಾಗ ನನ್ನ ಕೈ ತಾನಾಗಿ ಮೇಲೆ ಹೋಗಿ ತಲೆಯ ಮೇಲೆ ಸೆರಗು ಎಳೆಯಿತು. 'ಅವ್ವಾ, ಅದು ಗೊಂಬಿ ಐತಿ' ಎಂದು ಚನ್ನಬಸವಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ, ನಾನೂ ನಕ್ಕೆ. ನಿನ್ನ ಮಗ ಆ ಗೊಂಬೆಯ ಕಾಲು ಮುಟ್ಟಿ ಶರಣು ಮಾಡಿದ. ಆಗ ನೀನು ಇರಬೇಕಿತ್ತು ಅನಿಸಿತು.

ಹುಡುಗನ ಹಾಲಿನ ಬಾಟಲಿ ಕಾರಿನಲ್ಲೇ ಉಳಿದಿತ್ತು, ತರಲು ಚನ್ನಬಸವಣ್ಣ ಹೊರಗೆ ಹೋದ. ಹುಡುಗ ಹಸಿವು ಎಂದ. ನಾನು ಅವನ ಕೈ ಬಿಟ್ಟೆ. ಯಾಕೆ ಗೊತ್ತೇ? ಉಂಡಿ ತೆಗೆಯುವುದು ಕಾವಲಿನವನಿಗೆ ಕಾಣಬಾರದೆಂದು ಸಿಮೆಂಟಿನ ಗೋಡೆಯ ಕಡೆ ಮುಖ ಮಾಡಿ ಉಡಿ ಬಿಚ್ಚುತ್ತಿದ್ದೆ. ತಿರುಗಿ ನೋಡಿದರೆ ಸಿಮೆಂಟಿನ ಮಕ್ಕಳು ಗೋಲಿ ಆಡುತ್ತಿದ್ದವು, ನಮ್ಮ ಕೂಸು ಇರಲಿಲ್ಲ.

ಮನೆಯಲ್ಲಿ ಅವನನ್ನು ಕರೆಯುವ ಹಾಗೆಯೇ 'ಮುತ್ಯಾ, ಮುತ್ಯಾ' ಎಂದು ಕೂಗುತ್ತಾ ಓಡಿದೆ. ಭಾನುವಾರದ ಜಾತ್ರೆಯಂಥ ಜನ, ಅಲ್ಲಿ ಮುತ್ಯಾ ಎಂದರೆ ಯಾರು ತಿರುಗಿ ನೋಡಬೇಕು? ತಮ್ಮನ್ನೇ ಅಜ್ಜಾ ಎಂದು ಕರೆದೆನೆಂದು ಇಬ್ಬರು ಮುದುಕರು ತಿರುಗಿ ನೋಡಿದರು. ನೀರಾಟದ ಹೊಂಡದ ಹತ್ತಿರ ಹೋಗಿ ನೀರಿನೊಳಗೆ ಬಗ್ಗಿ ನೋಡಿದೆ. ಆಗಲೇ ಲೌಡ್‌ಸ್ಪೀಕರಿನಲ್ಲಿ ಒಂದು ಹೆಣ್ಣುದನಿ ಆ ಹೆಸರು ಹೇಳಿತು. ನಿನ್ನ ಮಾವನವರ ಹೆಸರು. ಪೂರ್ತಿ ಹೆಸರು, ಸ್ಪಷ್ಟವಾಗಿ. ಕೇಳಿದವಳೇ ನಾನು ಏನು ಮಾಡಿದೆ ಗೊತ್ತೇ, ಸುನಿತಾ? ನಿಂತು, ತಲೆ ತಗ್ಗಿಸಿ, ಸೆರಗು ಎಳೆದುಕೊಂಡೆ. ಆ ಹೆಸರಿನ ಯಾರೋ ಹಿರಿಯರು ತಮ್ಮವರಿಂದ ತಪ್ಪಿಸಿಕೊಂಡಿರಬೇಕು, ಪಾಪ, ಎಂದುಕೊಂಡೆ. ಮತ್ತೆ ಕೂಗಿದರು. ಕೆಂಪಂಗಿ ಎಂದರಂತೆ, ಗೇಟಿನ ಆಫೀಸಿಗೆ ಬನ್ನಿ ಎಂದರಂತೆ. ಹೆಸರು ಕಿವಿಗೆ ಬಿದ್ದ ಕೂಡಲೇ ಉಳಿದದ್ದು ನನಗೆ ಕೇಳಲೇ ಇಲ್ಲ. ನನ್ನ ಮೊಮ್ಮಗನ ಹೆಸರನ್ನು ಇಡೀ ಪಾರ್ಕಿಗೆ ಕೇಳುವಂತೆ ಕೂಗುತ್ತಿದ್ದರು, ನಾನು ಮರ್ಯಾದೆ ಕೊಟ್ಟು ಮುಂದೆ ಹೋಗುತ್ತಿದ್ದೆ.

ಆ ಹೆಸರನ್ನು ಇಟ್ಟವಳು ನಾನೇ. ನೀನು ಬೇರೆ ಹೆಸರು ಆರಿಸಿಟ್ಟುಕೊಂಡಿದ್ದೆ. ಅವರು ಹೋಗಿ ವರ್ಷವಾಗಿರಲಿಲ್ಲ, ಅವರೇ ಹುಟ್ಟಿ ಬಂದಿದ್ದಾರೆ ಎಂದು ನಾನು ತೊಟ್ಟಿಲ ಮುಂದೆ ಅತ್ತಾಗ ನೀನು ತುಟಿ ಎರಡು ಮಾಡದೆ ಒಪ್ಪಿದೆ. ಆಮೇಲೆ ಒಂದು ದಿನ ಹುಡುಗ ಬೀದಿಗೆ ಓಡಿದನೆಂದು ನೀನು ಹೊಸ್ತಿಲಲ್ಲಿ ನಿಂತು ಅವನನ್ನು ಹೆಸರು ಹಿಡಿದು ಕರೆದೆ. 'ಮಾವನ ಹೆಸರು ಓಣಿಗೆಲ್ಲ ಕೇಳೋ ಹಂಗ ಒದರತೀಯೇನ?' ಎಂದು ನಾನು ಸೌಟು ಒಗೆದು, ಆ ದಿನ ಉಣ್ಣದೆ ಮಲಗಿದೆ. ಇಡಿಸಿದವಳೂ ನಾನೇ, ಕರೆಯಬೇಡ ಎಂದವಳೂ ನಾನೇ. ಅಂದಿನಿಂದ ಮನೆಯಲ್ಲಿ ಅವನು ಮುತ್ಯಾ, ಸಣ್ಣ ಯಜಮಾನ, ರಾಜಾ. ಹೆಸರೊಂದು ಬಿಟ್ಟು ಎಲ್ಲ.

ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ನನ್ನ ಅವಸ್ಥೆ ನೋಡಿ ಗೇಟಿನ ಆಫೀಸಿಗೆ ಕರೆದೊಯ್ದಳು. ಅಲ್ಲಿ ಮೇಜಿನ ಮೇಲೆ ಕುಳಿತಿದ್ದ ನಿನ್ನ ಮಗ, ಕೈಯಲ್ಲಿ ಬಿಸ್ಕೀಟು. ಅವನನ್ನು ಕರೆತಂದ ಲಕ್ಷ್ಮೇಶ್ವರದ ಅಲ್ಮಾಸಬಿ ಎಂಬ ಹಿರಿಯಾಕೆ ಪಕ್ಕದಲ್ಲಿ ಅವನ ಬೆನ್ನು ಸವರುತ್ತಿದ್ದಳು. ನಾನು ಓಡಿಹೋಗಿ ಎತ್ತಿಕೊಳ್ಳಲು ಕೈ ಚಾಚಿದರೆ ಮೈಕಿನ ಹುಡುಗಿ ತಡೆದಳು. 'ಅಮ್ಮಾರ, ಮೊದಲ ಕೂಸಿನ ಹೆಸರ ಹೇಳ್ರಿ. ಹಂಗ ಯಾರ ಕೈಯಾಗೂ ಕೊಡಾಕ ಬರೂದಿಲ್ಲ.' ಅವಳದೇನೂ ತಪ್ಪಿಲ್ಲ, ನೀನಾದರೂ ಹಾಗೆಯೇ ಕೇಳುತ್ತಿದ್ದೆ. ನಾನು ಮುತ್ಯಾ ಎಂದೆ. ಅದಲ್ಲ, ಹೆಸರು, ಎಂದಳು. ಕೂಸು ಕಣ್ಣೆದುರಿಗೆ ಇದೆ, ಒಂದು ಹೆಸರು ಹೇಳಿದರೆ ಮಡಿಲಿಗೆ ಬರುತ್ತದೆ, ನಾನು ಸೆರಗಿನ ತುದಿ ತಿರುವುತ್ತಾ ನಿಂತೆ. ಜನ ಸೇರಿದರು. 'ಮೊಮ್ಮಗನ ಹೆಸರ ಗೊತ್ತಿಲ್ಲಂತ' ಎಂದು ಯಾರೋ ಅಂದರು, ಇನ್ನೊಬ್ಬ ಮೊಬೈಲು ಎತ್ತಿ ಹಿಡಿದ.

ಇದಕ್ಕಿಂತ ಕೆಟ್ಟದ್ದು ಮುಂದಿದೆ. ಆ ಹುಡುಗಿ ಮಗುವನ್ನೇ ಕೇಳಿದಳು, ಆಗ ಎಷ್ಟ ಚಂದ ಹೇಳಿದಿ, ಇನ್ನೊಮ್ಮೆ ಹೇಳು ರಾಜಾ ಎಂದು. ಅವನು ನನ್ನ ಮುಖ ನೋಡಿದ. ಬಾಯಿ ತೆರೆದವನು ಮುಚ್ಚಿದ. ತುಟಿ ಒಳಗೆಳೆದುಕೊಂಡು ತಲೆ ಅಲ್ಲಾಡಿಸಿದ. ಮುದುಕಿಯನ್ನು ಕಂಡು ಕೂಸು ಹೆದರಿದೆ, ಇವಳು ಕೂಸಿನ ಮನೆಯವಳಲ್ಲ ಎಂಬ ಗುಸುಗುಸು ಎದ್ದಿತು. ಅಲ್ಮಾಸಬಿಗೆ ಮಾತ್ರ ಹೊಳೆಯಿತು. ನನ್ನ ಕಿವಿಯ ಹತ್ತಿರ ಬಂದು, 'ಅಕ್ಕಾರ, ಯಜಮಾನ್ರ ಹೆಸರ ಇಟ್ಟೀರೇನ್ರಿ? ನಮ್ಮವ್ವಾನೂ ಹಿಂಗ ಇದ್ಲ. ಒಡಪಿನ್ಯಾಗರ ಹೇಳ್ರಿ, ನಾ ಅವ್ರಿಗೆ ತಿಳಿಸಿ ಹೇಳ್ತೇನಿ' ಎಂದಳು. ಒಡಪು! ಮದುವೆಮನೆಗಳಲ್ಲಿ ಹೆಂಗಸರು ಬಾಗಿಲು ಅಡ್ಡಗಟ್ಟಿದಾಗ ಗಂಡನ ಹೆಸರನ್ನು ಹಾಡಿನ ಬಾಲಕ್ಕೆ ಕಟ್ಟಿ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. 'ಎರಿ ಹೊಲದಾಗ ತೂಗತಾವ ಬಿಳಿಜೋಳದ ತೆನಿ' ಎಂದು ಶುರು ಮಾಡಿದೆ. ಅಷ್ಟೇ. ಅವರು ಹೋದ ಮೇಲೆ ಒಡಪು ಹೇಳು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಎರಡನೆಯ ಸಾಲು ಬರಲಿಲ್ಲ, ಹೆಸರೂ ಬರಲಿಲ್ಲ. ಜನ ನಕ್ಕರು.

ಹೊರಗಿನಿಂದ ಕೂಗು ಕೇಳಿಸಿಕೊಂಡು ಓಡಿ ಬಂದ ಚನ್ನಬಸವಣ್ಣ ಹೆಸರು ಹೇಳಿ, ಫೋನಿನಲ್ಲಿ ಫೋಟೋ ತೋರಿಸಿ, ಸಹಿ ಹಾಕಿ ಮಗುವನ್ನು ಬಿಡಿಸಿಕೊಂಡ. ಮಗನ ಮುಂದೆ ಅಷ್ಟು ಸಣ್ಣವಳಾಗಿ ನಾನು ಎಂದೂ ನಿಂತಿರಲಿಲ್ಲ. ಅವನು ಬಯ್ಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಅಲ್ಮಾಸಬಿಯ ಕೈ ಹಿಡಿದು ಅತ್ತುಬಿಟ್ಟೆ. ಉಡಿಯಲ್ಲಿ ಪುಡಿಪುಡಿಯಾಗಿದ್ದ ಉಂಡಿಯನ್ನು ಅವಳ ಕೈಗೆ ಹಾಕಿದೆ, ಕೊಡಲು ಬೇರೇನೂ ಇರಲಿಲ್ಲ. ನಿಂತಲ್ಲೇ ತಿಂದಳು, ಆ ತಾಯಿ.

ನಿನ್ನೆ ಮುಂಜಾನೆ ಮೈಗೆ ನೀರು ಎರೆಯುವಾಗ ಹುಡುಗನನ್ನು ಕೇಳಿದೆ, ಆ ಅಮ್ಮಗೆ ಹೆಸರ ಹೆಂಗ ಹೇಳಿದಿ, ಯಾರು ಕಲಿಸಿದ್ರು ಎಂದು. ಬಹಳ ಮುದ್ದು ಮಾಡಿದ ಮೇಲೆ ಪಿಸುಗುಟ್ಟಿದ: 'ಅವ್ವ ಬಚ್ಚಲದಾಗ ಕಲಿಸ್ಯಾಳ. ಆಯಿ ಮುಂದ ಅನಬಾರದು.' ಆ ಆಯಿ, ಅವನ ಅಜ್ಜಿ, ನಾನೇ. ಬಚ್ಚಲಿನಲ್ಲಿ ಬಾಗಿಲು ಮುಚ್ಚಿಕೊಂಡು ನೀನು ಅವನಿಗೆ ಅವನ ಹೆಸರನ್ನು ಕದ್ದು ಕಲಿಸಿದ್ದೀಯೆ. ನನ್ನ ಮೇಲೆ ಸಿಟ್ಟಿಗಲ್ಲ, ನನ್ನ ಮನಸ್ಸು ನೋಯಬಾರದೆಂದು. ನಿನ್ನ ಆ ಕದ್ದ ಪಾಠವೇ ಕೂಸನ್ನು ಉಳಿಸಿತು. ಆಫೀಸಿನಲ್ಲಿ ಅವನು ನನಗೆ ಹೆದರಿ ಬಾಯಿ ಮುಚ್ಚಿರಲಿಲ್ಲ, ನನ್ನ ಮರ್ಯಾದೆ ಕಾಯುತ್ತಿದ್ದ. ಮೂರು ತುಂಬದ ಕೂಸು! ನಾನು ಅವನಿಗಾಗಿ ಒಂದು ಹೆಸರು ಹೇಳಲಾರದೆ ಹೋದೆ. ಮಕ್ಕಳು ಯಾರ ಕೈಯಿಂದಲಾದರೂ ತಪ್ಪಿಸಿಕೊಂಡಾವು, ಅದಕ್ಕೆ ನನಗೆ ಅಷ್ಟು ನಾಚಿಕೆಯಿಲ್ಲ. ಕಣ್ಣೆದುರಿಗೆ ಸಿಕ್ಕ ಮೇಲೂ ಬಾಯಿ ಬಿಡಲಿಲ್ಲವಲ್ಲ, ಅದಕ್ಕೆ ನನ್ನ ಮುಖ ನನಗೇ ನೋಡಿಕೊಳ್ಳಲಾಗುತ್ತಿಲ್ಲ.

ನಾಳೆ ಊರ ಜನರ ಕಳೆದ ಮಕ್ಕಳನ್ನು ಹುಡುಕಿಕೊಡುವವಳು ನೀನು. ನಿನ್ನ ಮಗನನ್ನು ನನ್ನ ಕೈಯಲ್ಲಿ ಬಿಡುವುದೋ ಬೇಡವೋ ನೀನೇ ಹೇಳು. ಬೆಳ್ಳಟ್ಟಿಗೆ ಕಳಿಸು ಎಂದರೆ ನಾನೇ ಬಟ್ಟೆ ಕಟ್ಟಿ ನಿಮ್ಮವ್ವನ ಮನೆಗೆ ಬಿಟ್ಟು ಬರುತ್ತೇನೆ, ಒಂದು ಮಾತೂ ಆಡುವುದಿಲ್ಲ. ಆದರೆ ತರಬೇತಿ ಮಾತ್ರ ಬಿಡಬೇಡ, ನಿನಗೆ ಕೈ ಮುಗಿಯುತ್ತೇನೆ. ನನ್ನ ತಪ್ಪಿಗೆ ನೀನು ಬೆಲೆ ತೆತ್ತಂತೆ ಆಗಬಾರದು. ಚನ್ನಬಸವಣ್ಣನ ಮೇಲೆ ಸಿಟ್ಟಾಗಬೇಡ, ಮುಚ್ಚಿಟ್ಟದ್ದು ನಿನ್ನ ಮೇಲಿನ ಅಂತಃಕರಣದಿಂದ. ಹೊಟ್ಟೆ ತುಂಬ ಉಣ್ಣು, ಚೆನ್ನಾಗಿ ಓಡು, ಎಲ್ಲರಿಗಿಂತ ಮುಂದೆ ಬಾ.

ಇಂತಿ, ತಲೆ ತಗ್ಗಿಸಿಕೊಂಡೇ ನಿನ್ನನ್ನು ಹರಸುವ
ನಿನ್ನ ಅತ್ತೆ
ನೀಲಗಂಗವ್ವ

ತಾ.ಕ.: ಲಕೋಟೆಗೆ ಅಂಟು ಹುಡುಕುತ್ತಿದ್ದಾಗ ನಿನ್ನ ಮಗ ಎದ್ದವನೇ ಬಾಗಿಲು ದಾಟಿ ಬೀದಿಗೆ ಓಡಿದ. ಅತ್ತ ಟ್ರ್ಯಾಕ್ಟರ್ ಬರುತ್ತಿತ್ತು. ನೀನು ಅಂದು ನಿಂತಿದ್ದ ಹೊಸ್ತಿಲಲ್ಲೇ ನಿಂತು, ಓಣಿಗೆಲ್ಲ ಕೇಳುವಂತೆ 'ನಿಜಲಿಂಗಪ್ಪಾ' ಎಂದು ಕೂಗಿದೆ. ಬರೆದೂ ಬಿಟ್ಟೆ ನೋಡು. ಅವನು ಗಕ್ಕನೆ ನಿಂತ. ಓಡಿ ಬಂದು ನನ್ನ ಕಾಲು ತಬ್ಬಿ, ನನ್ನ ಬಾಯಿಯತ್ತ ಕೈ ಎತ್ತಿ, 'ಶ್, ಆಯಿ ಕೇಳ್ತಾಳ' ಎಂದು ನನಗೇ ಹೇಳಿದ. ಇನ್ನು ಮೇಲೆ ಅನ್ನಬಹುದು ಎಂದು ನಾನು ಎಷ್ಟು ಹೇಳಿದರೂ ನಂಬುತ್ತಿಲ್ಲ. ಬರುವ ಭಾನುವಾರ ಫೋನು ಬಂದಾಗ ನಾನೂ ಪಕ್ಕದಲ್ಲಿ ಕೂಡುತ್ತೇನೆ, ನೀನು ಅವನನ್ನು ಹೆಸರು ಹಿಡಿದು ಕರೆ. ನಿನ್ನ ಮಾತಾದರೆ ನಂಬುತ್ತಾನೆ.